ಮನೆಯ ಆಡಿಯೋ ಸಿಸ್ಟಮ್ ನಿಜ ಹೇಳ್ತಿದೆಯಾ ಇಲ್ವಾ ಅಂತ ಗೊತ್ತು ಮಾಡಿಕೊಳ್ಳೋದು ಹೇಗೆ?

ಒಂಟಿಕೊಪ್ಪಲು_ವೀಣೆ
ಎಲ್ಲರಿಗೂ ನಮಸ್ಕಾರ. ಈಚೆಗೆ ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್ ಮತ್ತು ಆಂಪ್ಲಿಫೈಯರ್ ತಂದೆವು. ಅಂಗಡಿಯಲ್ಲಿ ತುಂಬಾ ಚೆನ್ನಾಗಿ ಕೇಳಿಸಿತ್ತು. ಮನೆಯಲ್ಲಿ ಹಾಗಿಲ್ಲ.

ನಮ್ಮ ಅತ್ತೆ ವೀಣೆ ನುಡಿಸುತ್ತಾರೆ. ದಿನಾ ಸಂಜೆ ಇದೇ ಹಾಲಿನಲ್ಲೇ ಅವರ ಸಾಧಕ. ಹಾಗಾಗಿ ವೀಣೆ ಹೇಗಿರುತ್ತೆ ಅಂತ ನಮ್ಮ ಕಿವಿಗೆ ಚೆನ್ನಾಗಿ ಗೊತ್ತು. ಸ್ಪೀಕರಿನಲ್ಲಿ ವೀಣೆ ಕಛೇರಿ ಹಾಕಿದರೆ ಮಂದ್ರದ ತಂತಿ ಊದಿಕೊಂಡ ಹಾಗೆ ಗುಂಯ್ ಅನ್ನುತ್ತದೆ, ನುಡಿಸುವುದು ನಿಂತರೂ ಅದು ನಿಲ್ಲುವುದಿಲ್ಲ. ಉಗುರಿನ ಮೀಟು ಮಾತ್ರ ಚುಚ್ಚುವಷ್ಟು ಚೂಪು. ಮೃದಂಗದ ಎಡಗಡೆಯ ಕೆಲವು ಪೆಟ್ಟು ಹಾಲನ್ನೇ ತುಂಬುತ್ತವೆ, ಕೆಲವು ಕೇಳಿಸುವುದೇ ಇಲ್ಲ.

ಅಂಗಡಿಯವರನ್ನು ಕೇಳಿದರೆ "ಇದು ಪಕ್ಕಾ ಅಕ್ಯುರೇಟ್ ಸ್ಪೀಕರ್, ರೆಕಾರ್ಡಿಂಗಲ್ಲಿ ಇರೋದನ್ನೇ ಕೊಡುತ್ತೆ" ಅಂತಾರೆ. ಅದನ್ನು ನಂಬೋದು ಹೇಗೆ? ರೆಕಾರ್ಡಿಂಗಲ್ಲಿ ಏನಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು?

ಹಾಲ್ 14 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ. ನೆಲಕ್ಕೆ ಟೈಲ್ಸ್. ಸ್ಪೀಕರ್ ಒಂದು ಚಿಕ್ಕ ಗೋಡೆಯ ಹತ್ತಿರ, ಸೋಫಾ ಎದುರು ಗೋಡೆಗೆ ಅಂಟಿಕೊಂಡಿದೆ.

ಹಳೇ_ರೇಡಿಯೋ
ಕಿವಿಗೆ ಹಿತವಾದರೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ವಾಪಸ್ ಕೊಡಿ. ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ.

ಜಯನಗರ_ಎಂಜಿನಿಯರ್
@ಹಳೇ_ರೇಡಿಯೋ, ಹಿತ ಬೇರೆ, ನಿಜ ಬೇರೆ ಸಾರ್. ಅವರು ಕೇಳಿದ್ದು ಎರಡನೆಯದನ್ನು.

@ಒಂಟಿಕೊಪ್ಪಲು_ವೀಣೆ, ಅಳತೆ ಕೊಟ್ಟಿದ್ದು ಒಳ್ಳೆಯದಾಯಿತು. ಎದುರುಬದುರು ಗೋಡೆಗಳ ನಡುವೆ ಕೆಲವು ಸ್ವರಗಳು ಸಿಕ್ಕಿಕೊಂಡು ನಿಂತುಬಿಡುತ್ತವೆ. ಲೆಕ್ಕ ಸುಲಭ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಗೋಡೆಗಳ ಅಂತರದ ಎರಡರಷ್ಟರಿಂದ ಭಾಗಿಸಿ. 14 ಅಡಿ ಅಂದರೆ 4.27 ಮೀಟರ್, ಉತ್ತರ 40 ಹರ್ಟ್ಜ್. ಅದರ ದುಪ್ಪಟ್ಟು 80ರಲ್ಲೂ ಹಾಗೇ ಆಗುತ್ತದೆ. 10 ಅಡಿಗೆ 56 ಹರ್ಟ್ಜ್. ನಿಮ್ಮಲ್ಲಿ ಅಗಲ, ಎತ್ತರ ಎರಡೂ 10 ಅಡಿ. ಅಂದರೆ 56 ಎರಡು ಸಲ ಬಂದು ಒಂದರ ಮೇಲೊಂದು ಕೂತಿದೆ.

ಈಗ ವೀಣೆ ನೋಡಿ. ಮೂರು ಕಟ್ಟೆ ಶ್ರುತಿಯಲ್ಲಿ (ಹಾರ್ಮೋನಿಯಂನ ಮೂರನೆಯ ಬಿಳಿ ಮನೆ) ಸಾರಣಿ, ಅಂದರೆ ವೀಣೆಯ ಮೊದಲ ತಂತಿಯ ಷಡ್ಜ 165 ಹರ್ಟ್ಜ್ ಆಸುಪಾಸು. ಮಂದ್ರ ಷಡ್ಜದ ತಂತಿ 82. ಅನುಮಂದ್ರ ಪಂಚಮ 62. ನಿಮ್ಮ ಹಾಲಿನ 80 ಮತ್ತು 56ರ ಪಕ್ಕದಲ್ಲೇ ಇವೆ. ಸ್ಪೀಕರನ್ನು ದೂರುವ ಮೊದಲು ಹಾಲನ್ನು ವಿಚಾರಿಸಿಕೊಳ್ಳಿ.

ಶ್ರುತಿಪೆಟ್ಟಿಗೆ
ಲೆಕ್ಕ ಸರಿ. ಆದರೆ 56ರ ಮೇಲೆ ಅನುಮಾನ ಬೇಡ. ಗೋಡೆಗಳ ನಡುವೆ ಹೀಗೆ ನಿಂತುಬಿಡುವ ಸ್ವರಕ್ಕೆ ಮೋಡ್ ಅಂತಾರೆ. ಅಗಲದ ಮೋಡ್‌ಗೆ ಹಾಲಿನ ಮಧ್ಯದ ಗೆರೆಯಲ್ಲಿ ಸದ್ದೇ ಇರುವುದಿಲ್ಲ. ಸೋಫಾದ ನಡುವೆ ಕೂತವರಿಗೆ ಅದು ಕಾಡುವುದು ಕಡಿಮೆ. ನಿಜವಾದ ಕಳ್ಳ 80. ಸ್ಪೀಕರ್ ಒಂದು ಗೋಡೆಯ ಬುಡದಲ್ಲಿದೆ, ಕಿವಿ ಇನ್ನೊಂದು ಗೋಡೆಯ ಬುಡದಲ್ಲಿದೆ. ಉದ್ದದ ಮೋಡ್‌ಗಳಿಗೆ ಅತಿ ಹೆಚ್ಚು ಒತ್ತಡ ಇರುವುದೇ ಆ ಎರಡು ಜಾಗದಲ್ಲಿ.

ಜಯನಗರ_ಎಂಜಿನಿಯರ್
ಮಧ್ಯದಲ್ಲಿ ಕೂರುವುದು ಒಬ್ಬರು. ಸೋಫಾದ ತುದಿಯಲ್ಲಿ ಕೂರುವ ಮನೆಯವರಿಗೆ 56 ಚೆನ್ನಾಗೇ ಕೇಳಿಸುತ್ತೆ. ಎತ್ತರದ ಮೋಡ್‌ಗೂ ಮಧ್ಯದ ಗೆರೆಗೂ ಸಂಬಂಧ ಇಲ್ಲ. ಕಿವಿ ಇರುವುದು ನೆಲದಿಂದ ಮೂರು ಅಡಿ ಮೇಲೆ, ಅಲ್ಲಿ ಅದು ಪೂರ್ತಿ ಸಾಯುವುದಿಲ್ಲ. ಆದರೂ 80 ಮೊದಲ ಆರೋಪಿ ಅನ್ನೋದನ್ನು ಒಪ್ಪುತ್ತೇನೆ.

ಸಜ್ಜನ_ಶ್ರೋತೃ
ಒಳ್ಳೆ ಕೇಬಲ್ ಹಾಕಿ ನೋಡಿ. ಮಂದ್ರ ಬಿಗಿಯಾಗುತ್ತೆ. ನಾನು ಬದಲಾಯಿಸಿದ ಮೇಲೆ ಅಜಗಜಾಂತರ.

ಜಯನಗರ_ಎಂಜಿನಿಯರ್
80 ಹರ್ಟ್ಜ್ ಗೋಡೆಗಳ ನಡುವೆ ನಿಂತಿರೋದು. ಅದನ್ನು ಯಾವ ತಂತಿ ತಡೆಯುತ್ತೆ?

ಸಜ್ಜನ_ಶ್ರೋತೃ
ನಾನು ಕಿವಿಯಾರೆ ಕೇಳಿದ್ದನ್ನು ಹೇಳಿದೆ. ಎಲ್ಲವನ್ನೂ ಮೀಟರಿನಲ್ಲಿ ಹಿಡಿಯೋಕೆ ಆಗಲ್ಲ.

ಶ್ರುತಿಪೆಟ್ಟಿಗೆ
ಕಿವಿಯಿಂದಲೇ ಪರೀಕ್ಷೆ ಮಾಡೋಣ, ನಾನು ಬೇಡ ಅನ್ನಲ್ಲ. ಎರಡು ಷರತ್ತು. ಒಂದು, ಯಾವ ಕೇಬಲ್ ಓಡುತ್ತಿದೆ ಅಂತ ಕೇಳುವವರಿಗೆ ಗೊತ್ತಿರಬಾರದು. ಎರಡು, ಎರಡರ ಸದ್ದಿನ ಮಟ್ಟ ಒಂದೇ ಇರಬೇಕು. 60 ಹರ್ಟ್ಜ್ ಸ್ವರ ಓಡಿಸಿ, ಸ್ಪೀಕರಿನ ತುದಿಯಲ್ಲಿ ಮಲ್ಟಿಮೀಟರ್ ಹಿಡಿದು ಎಸಿ ವೋಲ್ಟ್ ನೋಡಿ. ಶೇಕಡಾ ಒಂದರ ವ್ಯತ್ಯಾಸ ಅಂದರೆ ಸುಮಾರು 0.1 ಡೆಸಿಬೆಲ್, ಅಷ್ಟರೊಳಗೆ ತಂದುಕೊಳ್ಳಿ. ಸ್ವಲ್ಪ ಜಾಸ್ತಿ ಸದ್ದು ಬರುತ್ತಿರುವುದೇ ನಮಗೆ "ಚೆನ್ನಾಗಿದೆ" ಅನಿಸುತ್ತದೆ. ಅಂಗಡಿಯಲ್ಲಿ ದುಬಾರಿ ಜೋಡಿ ಗೆಲ್ಲುವುದು ಎಷ್ಟೋ ಸಲ ಹೀಗೆ.

ಕಣ್ಣು ಕಿವಿಗೆ ಎಷ್ಟು ಹೇಳಿಕೊಡುತ್ತೆ ಅಂತ ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್, ಶಾನ್ ಆಲಿವ್ 1994ರಲ್ಲೇ ತೋರಿಸಿದ್ದಾರೆ. ಅದೇ ಸ್ಪೀಕರ್‌ಗಳು, ಅದೇ ಕೇಳುಗರು. ಪರದೆ ಹಾಕಿದಾಗ ಕೊಟ್ಟ ಅಂಕ ಬೇರೆ, ಪರದೆ ತೆಗೆದಾಗ ಕೊಟ್ಟ ಅಂಕ ಬೇರೆ. ಕೇಳಿದವರು ಸ್ಪೀಕರ್ ಕಂಪನಿಯ ನೌಕರರೇ.

ಮಾಡರೇಟರ್
ಕೇಬಲ್ ಚರ್ಚೆಗೆ ಬೇರೆ ಎಳೆ ಇದೆ. ಇಲ್ಲಿ ಸಾಕು.

ಧಾರವಾಡದ_ಕಿವಿ
ಮೂಲ ಪ್ರಶ್ನೆಗೆ ಬರೋಣ ರೀ. ತಕ್ಕಡಿ ಸರಿ ಇದೆಯೋ ಇಲ್ಲವೋ ನೋಡಲು ತೂಕ ಗೊತ್ತಿರುವ ಕಲ್ಲು ಬೇಕು. ಅಂಗಡಿಯಲ್ಲಿ ಕೊಳ್ಳುವ ರೆಕಾರ್ಡಿಂಗಿಗೆ ಆ ಕಲ್ಲಿನ ಯೋಗ್ಯತೆ ಇಲ್ಲ. ಮೈಕ್ ಎಲ್ಲಿಟ್ಟರು, ಎಂಜಿನಿಯರ್ ಏನು ತಿರುವಿದ, ಅವನ ಸ್ಟುಡಿಯೋ ಸ್ಪೀಕರ್ ಹೇಗಿತ್ತು, ನಮಗೆ ಒಂದೂ ತಿಳಿಯದು. ಆ ಸ್ಪೀಕರಿನಲ್ಲಿ ಮಂದ್ರ ಕಡಿಮೆ ಇದ್ದರೆ ಅವನು ರೆಕಾರ್ಡಿಂಗಿಗೆ ಮಂದ್ರ ಹೆಚ್ಚು ಸುರಿದಿರುತ್ತಾನೆ. ಆಮೇಲೆ ನಾವು ಅದೇ ರೆಕಾರ್ಡಿಂಗ್ ಹಿಡಿದು ಸ್ಪೀಕರ್ ಅಳೆಯುತ್ತೇವೆ!

ಕಛೇರಿಗೆ ಹೋಗಿ ಕೇಳಿ ಬಂದು ಹೋಲಿಸಿ ಅನ್ನುವವರೂ ಇದ್ದಾರೆ. ಯಾವ ಕಛೇರಿ? ಬೆಂಗಳೂರಿನ ಫೋರ್ಟ್ ಹೈಸ್ಕೂಲ್ ಮೈದಾನದ ರಾಮನವಮಿ ಸಂಗೀತ ಆಗಲಿ, ಚೌಡಯ್ಯ ಸ್ಮಾರಕ ಭವನ ಆಗಲಿ, ಎಲ್ಲ ಕಡೆ ಮೈಕ್, ಧ್ವನಿವರ್ಧಕ. ವೀಣೆಗೆ ಕಾಂಟ್ಯಾಕ್ಟ್ ಮೈಕ್ ಅಂಟಿಸಿರುತ್ತಾರೆ. ಅಲ್ಲಿ ಕೇಳೋದೂ ಸ್ಪೀಕರನ್ನೇ. ಮೈಕ್ ಇಲ್ಲದ ಮನೆ ಬೈಠಕ್ಕಿನಲ್ಲಿ ಎರಡು ತಂಬೂರಿ ಪಕ್ಕದಲ್ಲಿ ಕೂತು ಕೇಳಿದವರಿಗೆ ಮಾತ್ರ ಹೋಲಿಸಲು ಏನಾದರೂ ಇರುತ್ತದೆ.

ಹಳೇ_ರೇಡಿಯೋ
ನಮ್ಮ ತಲೆಮಾರು ವೀಣೆ ಕೇಳಿ ಬೆಳೆದದ್ದೇ ವಾಲ್ವ್ ರೇಡಿಯೋದಲ್ಲಿ. ಬೆಳಗ್ಗೆ ಆಕಾಶವಾಣಿ ಹಾಕಿದರೆ ಎಂಥಾ ತುಂಬು ನಾದ. ಅದರ ಮುಂದೆ ಈಗಿನ ಸ್ಪೀಕರ್‌ಗಳು ಬರೀ ಚೂಪು.

ಜಯನಗರ_ಎಂಜಿನಿಯರ್
ಮೀಡಿಯಂ ವೇವ್ ರೇಡಿಯೋದಲ್ಲಿ 5 ಕಿಲೋಹರ್ಟ್ಜ್ ದಾಟಿದ ಮೇಲೆ ಬರುತ್ತಿದ್ದುದು ಅಷ್ಟಕ್ಕಷ್ಟೇ. ಮೀಟಿನ ಸದ್ದು, ಝೇಂಕಾರ ಎಲ್ಲ ಮೊಟಕಾಗಿರುತ್ತಿತ್ತು. ಆ ನಾದದ ಮೇಲೆ ಪ್ರೀತಿ ಇರಲಿ, ನನಗೂ ಇದೆ. ಆದರೆ ಎದುರಿಗೆ ಕೂತ ವೀಣೆ ಹಾಗಿರಲ್ಲ.

ಹಳೇ_ರೇಡಿಯೋ
ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ ಆ ರೇಡಿಯೋದಲ್ಲೂ ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯೇ ಆಗಿತ್ತು. ಒಂದು ಗಮಕಕ್ಕೆ ಗುರುತು ಹಿಡಿಯುತ್ತಿದ್ದೆವು. ಅದು ತಲುಪಿದ ಮೇಲೆ ಇನ್ನೇನು ಬೇಕು?

ಧಾರವಾಡದ_ಕಿವಿ
ಆ ಮಾತು ನಿಜ ರೀ. ಗುರುತು ಹಿಡಿಯಲು ಸ್ವಲ್ಪವೇ ಸಾಕು. ಆದರೆ ಈ ತಂಗಿ ಕೇಳುತ್ತಿರುವುದು ಗುರುತಿನ ವಿಚಾರ ಅಲ್ಲ. ಪಕ್ಕದಲ್ಲಿ ವೀಣೆ ಇಟ್ಟುಕೊಂಡೇ ಹೋಲಿಸುತ್ತಿದ್ದಾರೆ.

ಶ್ರುತಿಪೆಟ್ಟಿಗೆ
ತಪ್ಪು ರೂಮಿನದೋ ರೆಕಾರ್ಡಿಂಗಿನದೋ ಅಂತ ಬೇರೆ ಮಾಡಲು ನಾನು ಮಾಡುವ ಪರೀಕ್ಷೆ ಇದು. ಬೇರೆ ಬೇರೆ ಶ್ರುತಿಯ ರೆಕಾರ್ಡಿಂಗ್ ಹಾಕಿ. ಒಂದು ಕಟ್ಟೆಯ ಗಂಡು ದನಿ, ಐದು ಕಟ್ಟೆಯ ಹೆಣ್ಣು ದನಿ, ಮೂರು ಕಟ್ಟೆಯ ವೀಣೆ, ಒಂದು ಕೊಳಲು. ಗಾಯಕರು ಬದಲಾದಾಗ ಷಡ್ಜ ಬದಲಾಗುತ್ತದೆ, ಮೃದಂಗವೂ ಬದಲಾಗುತ್ತದೆ. ಗೋಡೆ ಬದಲಾಗಲ್ಲ. ಊದಿಕೊಳ್ಳುವ ಸ್ವರ ಎಲ್ಲದರಲ್ಲೂ ಒಂದೇ ಜಾಗದಲ್ಲಿದ್ದರೆ ಅದು ನಿಮ್ಮ ಹಾಲು. ಒಂದೊಂದು ರೆಕಾರ್ಡಿಂಗಲ್ಲಿ ಒಂದೊಂದು ಕಡೆ ಊದಿಕೊಂಡರೆ ಅದು ರೆಕಾರ್ಡಿಂಗ್.

ಇನ್ನೊಂದು. ಮೃದಂಗದ ಬಲಗಡೆಗೆ ಕರಣೆ (ನಡುವಿನ ಕಪ್ಪು ಲೇಪ) ಇರುವುದರಿಂದ ಮೂಲ ಸ್ವರದ ಜೊತೆ ಏಳುವ ಮೇಲಿನ ಸ್ವರಗಳು ತಂತಿವಾದ್ಯದ ಹಾಗೆ ಕ್ರಮವಾಗಿ ಕೂತಿರುತ್ತವೆ. ಇದನ್ನು ಸಿ.ವಿ. ರಾಮನ್ 1920ರಲ್ಲೇ ಬರೆದರು, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಇನ್ನೂ ವಿವರವಾಗಿ ಬರೆದರು. ಸಾಮಾನ್ಯ ಡೋಲಿಗೆ ಹೀಗಿರಲ್ಲ. ಹಾಗಾಗಿ ಒಳ್ಳೆ ಸಿಸ್ಟಮ್‌ನಲ್ಲಿ ಮೃದಂಗದ ಮೀಟು, ಚಾಪು ಕೇಳಿದರೆ ಅದರ ಷಡ್ಜವನ್ನು ನೀವು ಗುನುಗಲು ಆಗಬೇಕು. ಬರೀ 'ಟಕ್' ಅಂತ ಕೇಳಿದರೆ ಮಧ್ಯದ ಭಾಗದಲ್ಲಿ ಎಲ್ಲೋ ಹಳ್ಳ ಇದೆ.

ತಂಬೂರಿಯೂ ಹಾಗೇ. ಜೀವಾಳ (ತಂತಿಯ ಕೆಳಗಿಡುವ ನೂಲು) ಸರಿ ಕೂತ ತಂಬೂರಿಯ ಮಂದ್ರ ತಂತಿಯಲ್ಲಿ ಅಂತರ ಗಾಂಧಾರ ತಾನೇ ಎದ್ದು ಬರುತ್ತದೆ. ಗಾಯಕರ ಹಿಂದೆ ಅದು ಕೇಳಿಸಬೇಕು. ಎಲೆಕ್ಟ್ರಾನಿಕ್ ತಂಬೂರಿ ಇರುವ ರೆಕಾರ್ಡಿಂಗ್ ಇದಕ್ಕೆ ಬೇಡ.

ನ್ಯೂಜೆರ್ಸಿ_ಕನ್ನಡಿಗ
ಒಂದು ಮಾತು ಸೇರಿಸುತ್ತೇನೆ. ಇಲ್ಲಿ ಅಮೆರಿಕದ ಮನೆಗಳ ಗೋಡೆ ಮರದ ಚೌಕಟ್ಟಿನ ಮೇಲೆ ಜಿಪ್ಸಂ ಹಲಗೆ. ಮಂದ್ರದ ಸದ್ದು ಸ್ವಲ್ಪ ಗೋಡೆಯಲ್ಲಿ ಕರಗುತ್ತೆ, ಸ್ವಲ್ಪ ಹೊರಗೆ ಹೋಗುತ್ತೆ. ನಮ್ಮೂರಿನ ಇಟ್ಟಿಗೆ ಗೋಡೆ, ಆರ್‌ಸಿಸಿ ತಾರಸಿ ಅದನ್ನು ಬಿಟ್ಟುಕೊಡಲ್ಲ. ಇಲ್ಲಿನ ವಿಮರ್ಶಕರು "ಮಂದ್ರ ಹದವಾಗಿದೆ" ಅಂತ ಬರೆದ ಸ್ಪೀಕರನ್ನೇ ಮೈಸೂರಿನ ನಮ್ಮಪ್ಪನ ಮನೆಯಲ್ಲಿ ಹಾಕಿದೆ, ಜಾಸ್ತಿ ಆಯಿತು. ವಿಮರ್ಶೆ ಓದುವಾಗ ಅವರ ಗೋಡೆ ಯಾವುದು ಅಂತಲೂ ನೋಡಿ.

ಮಲೆನಾಡ_ಹೆಂಚು
ನಮ್ಮದು ಹಳೇ ಮನೆ, ಮಂಗಳೂರು ಹೆಂಚು, ಇಳಿಜಾರು ಮಾಡು. ಗುಂಯ್ ಅನ್ನೋ ಸಮಸ್ಯೆ ಇಲ್ಲವೇ ಇಲ್ಲ. ಮಳೆಗಾಲದಲ್ಲಿ ಏನೂ ಕೇಳಿಸಲ್ಲ, ಅದು ಬೇರೆ.

ಸಜ್ಜನ_ಶ್ರೋತೃ
ಟೈಲ್ಸ್ ಮೇಲೆ ನವಲಗುಂದದ ಜಮಖಾನ ಹಾಸಿ. ನೋಡೋಕೂ ಚೆಂದ, ಸದ್ದೂ ಹದಕ್ಕೆ ಬರುತ್ತೆ.

ಜಯನಗರ_ಎಂಜಿನಿಯರ್
ಇದು ಒಳ್ಳೆ ಸಲಹೆ. ಆದರೆ ಎಷ್ಟಕ್ಕೆ ಅಂತ ತಿಳಿದಿರಲಿ. ತೆಳು ಹಾಸು ತಾರಸ್ಥಾಯಿಯ ಸದ್ದನ್ನು ಮಾತ್ರ ಹೀರುತ್ತದೆ. 80 ಹರ್ಟ್ಜ್ ಅಲೆಯ ಉದ್ದ 4.3 ಮೀಟರ್, ಅದಕ್ಕೆ ಜಮಖಾನ ಲೆಕ್ಕಕ್ಕೇ ಇಲ್ಲ. ಉಗುರಿನ ಮೀಟು ಚುಚ್ಚುತ್ತಿದೆ ಅಂದರಲ್ಲ, ಅದಕ್ಕೆ ಸಹಾಯ ಆಗಬಹುದು. ಹಾಲಿನ ನಡುವೆ ನಿಂತು ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಿ. 'ಟ್ರ್‌ರ್' ಅಂತ ಹಿಂದೆ ಬಾಲ ಬಂದರೆ ಗೋಡೆಗಳು ಖಾಲಿ ಇವೆ ಅಂತ ಅರ್ಥ. ದಪ್ಪ ಪರದೆ, ಪುಸ್ತಕದ ಕಪಾಟು, ಇಂಥವು ಬೇಕು.

ಒಂಟಿಕೊಪ್ಪಲು_ವೀಣೆ
ಇಷ್ಟೊಂದು ಬರೆದಿದ್ದಕ್ಕೆ ತುಂಬಾ ಧನ್ಯವಾದ. ಚಪ್ಪಾಳೆಗೆ ಬಾಲ ಬರ್ತಿದೆ. ಶ್ರುತಿ ಬದಲಾಯಿಸಿ ಕೇಳಿದೆವು, ಊದಿಕೊಳ್ಳೋದು ಎಲ್ಲದರಲ್ಲೂ ಒಂದೇ ಜಾಗ. ಒಂದು ಪ್ರಶ್ನೆ. ಅತ್ತೆಯ ವೀಣೆಯೂ ಇದೇ ಹಾಲಿನಲ್ಲೇ ಇದೆ. ಅದು ಯಾಕೆ ಊದಿಕೊಳ್ಳಲ್ಲ?

ಶ್ರುತಿಪೆಟ್ಟಿಗೆ
ತುಂಬಾ ಒಳ್ಳೆ ಪ್ರಶ್ನೆ. ವೀಣೆಯ ಕೊಡ ಚಿಕ್ಕದು. 82 ಹರ್ಟ್ಜ್ ಮೂಲ ಸ್ವರವನ್ನು ಅದು ಗಾಳಿಗೆ ತಳ್ಳುವುದು ಬಹಳ ಕಡಿಮೆ. ನಮಗೆ ಕೇಳಿಸುವುದು ಹೆಚ್ಚಾಗಿ ಅದರ ಮೇಲಿನ ಸ್ವರಗಳು, ಮೂಲವನ್ನು ಕಿವಿಯೇ ಕಟ್ಟಿಕೊಳ್ಳುತ್ತದೆ. ಜೊತೆಗೆ ಅವರು ಕೂರುವುದು ಹಾಲಿನ ನಡುವೆ ಇರಬೇಕು, ಗೋಡೆಯ ಬುಡದಲ್ಲಿ ಅಲ್ಲ. ಕಾಂಟ್ಯಾಕ್ಟ್ ಮೈಕ್ ಹಾಗಲ್ಲ, ತಂತಿಯ ಮೂಲ ಸ್ವರವನ್ನು ದಂಡಿಯಾಗಿ ಎತ್ತಿಕೊಳ್ಳುತ್ತದೆ. ಅದನ್ನು ನಿಮ್ಮ ಸ್ಪೀಕರ್ ಗೋಡೆಯ ಬುಡದಿಂದ ಹೊರಡಿಸುತ್ತದೆ.

ವೀಣೆ ಮನೆಯಲ್ಲೇ ಇರುವುದು ನಿಮ್ಮ ಭಾಗ್ಯ. ಹೀಗೆ ಮಾಡಿ. ವೀಣೆಯನ್ನು ತಾರಸಿಗೆ ಒಯ್ದು ಅಲ್ಲಿ ರೆಕಾರ್ಡ್ ಮಾಡಿ. ಹಾಲಿನಲ್ಲಿ ಮಾಡಬೇಡಿ. ಹಾಲಿನಲ್ಲಿ ಮಾಡಿದ್ದನ್ನು ಹಾಲಿನಲ್ಲೇ ಕೇಳಿದರೆ ಗೋಡೆಗಳು ಎರಡು ಸಲ ಸೇರಿಕೊಳ್ಳುತ್ತವೆ. ತಾರಸಿಯಲ್ಲಿ ಮಾಡಿದ್ದನ್ನು ಹಾಲಿನಲ್ಲಿ ಹಾಕಿ, ಆಮೇಲೆ ಅತ್ತೆ ಹಾಲಿನಲ್ಲಿ ಸ್ಪೀಕರ್ ಪಕ್ಕ ಕೂತು ಅದನ್ನೇ ನುಡಿಸಲಿ. ಆಗ ಎರಡಕ್ಕೂ ಗೋಡೆ ಒಂದೊಂದೇ ಸಲ. ಮಾತಾಡಿದ್ದನ್ನೂ ರೆಕಾರ್ಡ್ ಮಾಡಿ. ಮನೆಯವರ ದನಿಯಲ್ಲಿ ಒಂದಿಷ್ಟು ವ್ಯತ್ಯಾಸ ಆದರೂ ಕಿವಿ ತಟ್ಟನೆ ಹಿಡಿಯುತ್ತದೆ.

ಆಕಾಶವಾಣಿ_ಅಭಿಮಾನಿ
ಮನುಷ್ಯರ ದನಿ ಹಿಡಿದು ಸ್ಪೀಕರ್ ಪರೀಕ್ಷಿಸುವುದು ಬಿಬಿಸಿಯವರು ಮಾಡುತ್ತಿದ್ದ ಕೆಲಸ. ಎಲ್ಎಸ್ 3/5ಎ ಅನ್ನೋ ಪುಟ್ಟ ಸ್ಪೀಕರ್ ಕೇಳಿದ್ದೀರಲ್ಲ, 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವ್ಯಾನಿಗೆಂದು ಮಾಡಿದ್ದು. ಮಾತು ಅದರಲ್ಲಿ ಅಷ್ಟು ಸಹಜ.

ಆದರೆ ಹೋಲಿಸುವ ಪರೀಕ್ಷೆಯೂ ದಾರಿ ತಪ್ಪಿಸಬಹುದು. ಎಡಿಸನ್ ಕಂಪನಿ 1915ರಿಂದ ಊರೂರಲ್ಲಿ ಪ್ರದರ್ಶನ ನಡೆಸಿತು. ವೇದಿಕೆಯಲ್ಲಿ ಗಾಯಕಿ, ಪಕ್ಕದಲ್ಲಿ ಫೋನೋಗ್ರಾಫ್. ದೀಪ ಆರಿಸಿದಾಗ ಹಾಡುತ್ತಿರುವುದು ಯಾರು ಅಂತ ಜನಕ್ಕೆ ತಿಳಿಯಲಿಲ್ಲವಂತೆ. ಆ ತಟ್ಟೆಗಳನ್ನು ಈಗ ಕೇಳಿದರೆ ಹೇಗೆ ಮೋಸಹೋದರು ಅನಿಸುತ್ತೆ. ಯಂತ್ರದ ಮಟ್ಟಕ್ಕೆ ತಮ್ಮ ದನಿಯನ್ನು ಇಳಿಸಿಕೊಂಡು ಹಾಡಿದ ಗಾಯಕಿಯರೂ ಇದ್ದರು. ನಿಮ್ಮ ಅತ್ತೆಗೆ ಎಂದಿನ ಹಾಗೇ ನುಡಿಸಲು ಹೇಳಿ.

ಜಯನಗರ_ಎಂಜಿನಿಯರ್
ಫೋನಿನಲ್ಲಿ ರೆಕಾರ್ಡ್ ಮಾಡಬೇಡಿ. ಅದು ಸದ್ದಿನ ಮಟ್ಟವನ್ನು ತಾನೇ ಏರಿಸಿ ಇಳಿಸುತ್ತೆ, ಗದ್ದಲ ತೆಗೆಯಲು ಹೋಗಿ ನಾದವನ್ನೂ ತಿನ್ನುತ್ತೆ. ಕೈಯಲ್ಲಿ ಹಿಡಿಯುವ ರೆಕಾರ್ಡರ್ ಯಾರ ಹತ್ತಿರವಾದರೂ ಸಿಗುತ್ತಾ ನೋಡಿ. ವೀಣೆಯಿಂದ ಮೂರ್ನಾಲ್ಕು ಅಡಿ ದೂರ ಇಡಿ.

ಸೋಫಾವನ್ನು ಹಿಂದಿನ ಗೋಡೆಯಿಂದ ಮೂರೂವರೆ ಅಡಿ ಮುಂದೆ ತನ್ನಿ. ಉದ್ದದ ಕಾಲು ಭಾಗ. 80 ಹರ್ಟ್ಜ್ ಅಲ್ಲಿ ಹೆಚ್ಚು ಕಡಿಮೆ ಸತ್ತುಹೋಗುತ್ತದೆ. ಖರ್ಚಿಲ್ಲದ ಕೆಲಸ.

ಹಳೇ_ರೇಡಿಯೋ
ಮೈಸೂರಿನ ಮನೆಯಲ್ಲಿ ಸೋಫಾ ಹಾಲಿನ ನಡುವೆ ಇಟ್ಟರೆ ಓಡಾಡೋದು ಹೇಗ್ರೀ?

ನ್ಯೂಜೆರ್ಸಿ_ಕನ್ನಡಿಗ
ಕೇಳುವಾಗ ಮಾತ್ರ ಎಳೆದುಕೊಳ್ಳಬಹುದು. ನಮ್ಮಲ್ಲಿ ಹಾಗೇ.

ಒಂಟಿಕೊಪ್ಪಲು_ವೀಣೆ
ಭಾನುವಾರ ಬೆಳಗ್ಗೆ ಗಲಾಟೆ ಇಲ್ಲದ ಹೊತ್ತಲ್ಲಿ ತಾರಸಿಯಲ್ಲಿ ರೆಕಾರ್ಡ್ ಮಾಡಿದೆವು. ರೆಕಾರ್ಡರ್ ಎದುರುಮನೆಯವರದು.

ಮೊದಲು ಸೋಫಾ ಇದ್ದಲ್ಲೇ ಕೂತು ಕೇಳಿದೆವು. ಮಂದ್ರ ಷಡ್ಜದ ತಂತಿ ಮೀಟಿದ ಕೂಡಲೇ ಗುಂಯ್. ಸ್ಪೀಕರ್ ಪಕ್ಕ ಕೂತು ಅತ್ತೆ ಅದನ್ನೇ ನುಡಿಸಿದರು, ಆಗ ಇಲ್ಲ. ಸೋಫಾ ಮುಂದೆ ಎಳೆದು ಮತ್ತೆ ತಾರಸಿಯದನ್ನೇ ಹಾಕಿದೆವು. ಗುಂಯ್ ಹೋಗಿಬಿಟ್ಟಿದೆ! ಪೂರ್ತಿ ಅಲ್ಲ, ತುದಿಯಲ್ಲಿ ಕೂತ ನನ್ನ ಗಂಡನಿಗೆ ಕೆಳಗಿನ ಒಂದು ಸ್ವರ ಇನ್ನೂ ಜಾಸ್ತಿ ಕೇಳುತ್ತಂತೆ.

ಮೀಟಿನ ವಿಚಾರಕ್ಕೆ ನಾನು ಆಶ್ಚರ್ಯಪಟ್ಟೆ. ತಾರಸಿಯ ರೆಕಾರ್ಡಿಂಗಲ್ಲಿ ಮೀಟು ಚುಚ್ಚುವುದೇ ಇಲ್ಲ. ಉಗುರು ತಂತಿಗೆ ತಾಗುವ ಸಣ್ಣ ಸದ್ದು, ಅದರ ಹಿಂದೆ ನಾದ, ಎರಡೂ ಅತ್ತೆಯ ವೀಣೆಯ ಹಾಗೇ ಇವೆ. ಎಡಗೈ ಬೆರಳು ಮೆಟ್ಟಿಲ ಮೇಲೆ ಜಾರುವುದೂ ಕೇಳುತ್ತೆ. ಕಛೇರಿ ರೆಕಾರ್ಡಿಂಗ್ ಹಾಕಿದರೆ ಮತ್ತೆ ಚೂಪು. ಅತ್ತೆ ಕೇಳಿ "ಇದು ಮೈಕಿನ ವೀಣೆ, ಅದು ನನ್ನ ವೀಣೆ" ಅಂದರು.

ಧಾರವಾಡದ_ಕಿವಿ
ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಹಾಗಾದರೆ ಸ್ಪೀಕರ್ ಮಧ್ಯ ಮತ್ತು ತಾರದಲ್ಲಿ ಪ್ರಾಮಾಣಿಕ. ಚೂಪು ಇರುವುದು ರೆಕಾರ್ಡಿಂಗಿನಲ್ಲಿ.

ಜಯನಗರ_ಎಂಜಿನಿಯರ್
ತುದಿಯಲ್ಲಿ ಕೂತವರಿಗೆ ಕೇಳುತ್ತಿರೋದು 56. ನಾನು ಹೇಳಿದ್ದೆ.

ಇನ್ನು ಅಳೆಯುವ ಆಸೆ ಇದ್ದರೆ ರೂಮ್ ಇಕ್ಯೂ ವಿಝರ್ಡ್ ಅನ್ನೋ ತಂತ್ರಾಂಶ ಉಚಿತ. ಯುಎಸ್‌ಬಿ ಅಳತೆ ಮೈಕ್ ಒಂದು ಬೇಕು, ಅದರ ಜೊತೆ ಬರುವ ಕ್ಯಾಲಿಬ್ರೇಶನ್ ಕಡತ (ಮೈಕಿನದೇ ತಪ್ಪನ್ನು ತಿದ್ದುವುದು) ಹಾಕಲು ಮರೆಯಬೇಡಿ. ಯಾವ ಸ್ವರ ಎಷ್ಟು ಜೋರು ಅಂತ ಅದು ಗ್ರಾಫ್ ಕೊಡುತ್ತೆ. ಗ್ರಾಫಿನಲ್ಲಿ 200ರಿಂದ 300 ಹರ್ಟ್ಜ್ ಕೆಳಗೆ ಕಾಣುವುದು ಹೆಚ್ಚಾಗಿ ರೂಮು. ಅದರ ಮೇಲಿನದು ಹೆಚ್ಚಾಗಿ ಸ್ಪೀಕರ್. ಗುಡ್ಡವನ್ನು ಈಕ್ವಲೈಜರಿನಲ್ಲಿ ತಗ್ಗಿಸಬಹುದು. ಹಳ್ಳವನ್ನು ತುಂಬಲು ಹೋಗಬೇಡಿ. ಅಲ್ಲಿ ಎರಡು ಅಲೆಗಳು ಒಂದನ್ನೊಂದು ಅಳಿಸುತ್ತಿರುತ್ತವೆ, ಎಷ್ಟು ಸುರಿದರೂ ಅಳಿಸಿಕೊಂಡೇ ಹೋಗುತ್ತೆ, ಆಂಪ್ಲಿಫೈಯರಿಗೆ ದಂಡ.

ಸಜ್ಜನ_ಶ್ರೋತೃ
ಗ್ರಾಫ್ ನೇರ ಇದ್ದ ಮಾತ್ರಕ್ಕೆ ಸಂಗೀತ ಚೆನ್ನಾಗಿರುತ್ತೆ ಅಂತ ಇಲ್ಲ.

ಶ್ರುತಿಪೆಟ್ಟಿಗೆ
ಕೂರುವ ಜಾಗದಲ್ಲಿ ಅಳೆದ ಗ್ರಾಫ್ ನೇರ ಇರಲೂಬಾರದು, ಈ ಮಾತಲ್ಲಿ ನಿಮ್ಮ ಪರ. ಒಳ್ಳೆ ಸ್ಪೀಕರಿನ ಗ್ರಾಫ್ ರೂಮಿನಲ್ಲಿ ಮಂದ್ರದಿಂದ ತಾರಕ್ಕೆ ನಿಧಾನ ಇಳಿಯುತ್ತದೆ. ನೇರ ಇರಬೇಕಾದದ್ದು ಪ್ರತಿಧ್ವನಿ ಇಲ್ಲದ ಕಡೆ ಎದುರಿನಿಂದ ಅಳೆದದ್ದು. ಟೂಲ್ ಅವರು 1980ರ ದಶಕದಲ್ಲಿ ಕೆನಡಾದಲ್ಲಿ ಪರದೆ ಹಾಕಿ ಕೇಳಿಸಿದಾಗ ಬಹುತೇಕ ಕೇಳುಗರು ಮೆಚ್ಚಿದ್ದು ಅಂಥ ಸ್ಪೀಕರನ್ನೇ. ಅಂದರೆ ಹಿತಕ್ಕೂ ನಿಜಕ್ಕೂ ಅಷ್ಟೇನೂ ಜಗಳ ಇಲ್ಲ.

ಕುಂದಾಪ್ರ_ಚೆಂಡೆ
ನಡುವೆ ಒಂದು ಪ್ರಶ್ನೆ. ಯಕ್ಷಗಾನದ ಚೆಂಡೆ ಯಾವ ಸಿಸ್ಟಮ್‌ನಲ್ಲೂ ಚೆಂಡೆ ಹಾಗೆ ಕೇಳೋದೇ ಇಲ್ಲ ಅಲ್ವಾ? ಬಯಲಲ್ಲಿ ಕೇಳಿದಾಗ ಎದೆಗೆ ಬಡಿಯುತ್ತೆ. ಮನೆಯಲ್ಲಿ ಡಬ್ಬ ಬಡಿದ ಹಾಗೆ. ನಮ್ಮ ಸ್ಪೀಕರೂ ಸುಳ್ಳು ಹೇಳ್ತಿದೆಯಾ?

ಜಯನಗರ_ಎಂಜಿನಿಯರ್
ಎರಡು ಕಾರಣ. ರೆಕಾರ್ಡ್ ಮಾಡುವಾಗಲೇ ಪೆಟ್ಟಿನ ತುದಿಯನ್ನು ಕತ್ತರಿಸಿ ಭಾಗವತರ ದನಿಯ ಮಟ್ಟಕ್ಕೆ ತಂದಿರುತ್ತಾರೆ. ಅದಕ್ಕೆ ನಿಮ್ಮ ಸ್ಪೀಕರ್ ಹೊಣೆ ಅಲ್ಲ. ಕತ್ತರಿಸದ ರೆಕಾರ್ಡಿಂಗ್ ಸಿಕ್ಕರೂ ಇನ್ನೊಂದು ತೊಡಕಿದೆ. 10 ಡೆಸಿಬೆಲ್ ಏರಲು ಹತ್ತು ಪಟ್ಟು ವ್ಯಾಟ್ ಬೇಕು. ಹಾಡು 1 ವ್ಯಾಟಿನಲ್ಲಿ ಓಡುತ್ತಿದ್ದರೆ, ಅದಕ್ಕಿಂತ 20 ಡೆಸಿಬೆಲ್ ಮೇಲೆ ಹೋಗುವ ಏಟಿಗೆ ಆ ಕ್ಷಣಕ್ಕೆ 100 ವ್ಯಾಟ್ ಬೇಕು. 40 ವ್ಯಾಟಿನ ಆಂಪ್ಲಿಫೈಯರ್ ಅಲ್ಲೇ ಸೋಲುತ್ತೆ, ಪೆಟ್ಟಿನ ತಲೆ ಚಪ್ಪಟೆ ಆಗುತ್ತೆ.

ಕುಂದಾಪ್ರ_ಚೆಂಡೆ
ನಮ್ಮದು 30 ವ್ಯಾಟ್.

ಜಯನಗರ_ಎಂಜಿನಿಯರ್
ಹಾಗಿದ್ದರೆ ಸ್ಪೀಕರ್ ಹತ್ತಿರ ಕೂತು ಕೇಳಿ, ವಾಲ್ಯೂಮ್ ಇಳಿಸಿ. ದೂರ ಅರ್ಧ ಆದರೆ ನೇರ ಬರುವ ಸದ್ದು 6 ಡೆಸಿಬೆಲ್ ಹೆಚ್ಚುತ್ತೆ. ಅಷ್ಟು ವ್ಯಾಟ್ ಚೆಂಡೆಯ ಏಟಿಗೆ ಉಳಿಯುತ್ತೆ.